ನಗೆನೆಂಟನಿಗೆ ಕೊಟ್ಟ ದಿಬ್ಬ

ಸಿರ್ಮಾಂಗ್ ದ್ವೀಪ
ಫೆಬ್ರವರಿ ೮, ೨೦೦೪

ಡಕಾರ್ ಪಟ್ಟಣದಲ್ಲಿ ಕುರ್ಚಿ ಬಿಸಿ ಮಾಡುತ್ತಿರುವ ನನ್ನ ಜೀತದಾಳು ಅನ್ಸುಮಾನ ಬಾಜಿಗೆ, ಅವನ ಒಡತಿ ಯಾಂದೆ ಥಿಯೋರ್ ಬರೆಯುವುದು.

ಅನ್ನಬಾಕನೇ, ನಿನ್ನ ಟೋಪಿಯನ್ನು ನನ್ನ ಅಂಗಳದ ಬೆಂಚಿನ ಮೇಲೆ ಬಿಟ್ಟು ಓಡಿದ್ದೀಯ. ತಾಳೆಗರಿಯದಲ್ಲವೇ ಎಂದು ಆಡು ಬಂದು ಮೂಸಿತು, ತಿನ್ನದೆ ಹೋಯಿತು. ಜೋಲಾ ಜನರ ತಲೆಯ ವಾಸನೆ ಆಡಿಗೂ ಸೇರುವುದಿಲ್ಲ. ಟೋಪಿಯನ್ನು ಒತ್ತೆ ಇಟ್ಟುಕೊಂಡಿದ್ದೇನೆ. ಬಂದು ಬಿಡಿಸಿಕೋ.

ಬೈಗುಳ ಇಷ್ಟು ಸಾಕು. ಮೊದಲು ನಗೆ, ಆಮೇಲೆ ನಿಜದ ಮಾತು ಎನ್ನುವುದು ನಮ್ಮಿಬ್ಬರ ಜನರ ಪದ್ಧತಿ. ಅಂದಿನ ಸಭೆಯಲ್ಲಿ ನಗೆ ಮುಗಿಯುವಷ್ಟರಲ್ಲಿ ಇಳಿತ ಶುರುವಾಯಿತು, ದೋಣಿಯವನು ಕೂಗಿದ, ನೀವೆಲ್ಲ ಪ್ಯಾಂಟು ಮಡಚಿ ಕೆಸರಿನಲ್ಲಿ ಓಡಿದಿರಿ. ನಿಜದ ಮಾತು ನನ್ನ ಬಾಯಲ್ಲೇ ಉಳಿಯಿತು. ಅದನ್ನು ಈಗ ಬರೆಯುತ್ತಿದ್ದೇನೆ.

ಬಾವೊಬಾಬ್ ಮರದ ಕೆಳಗೆ ಊರೆಲ್ಲ ಕೂತಿತ್ತು. ನಿನ್ನ ಕಂಪನಿಯ ಸೂಟಿನವರು ನಕ್ಷೆ ಹರಡಿಕೊಂಡು ನಮ್ಮ ದ್ವೀಪದಲ್ಲಿ ಕಟ್ಟಲಿರುವ ವಿನೋದಲೋಕದ ಬಗ್ಗೆ ಹೇಳಿದರು. ಮುಗಿಲಿಗೆ ಏರುವ ರಾಟೆತೊಟ್ಟಿಲು, ನೀರಿನ ಜಾರುಬಂಡೆ, ಪ್ರವಾಸಿಗರಿಗೆ ಕೋಣೆಗಳ ಸಾಲು, ಹೊಟ್ಟೆಯೊಳಗೆ ಹೋಟೆಲು ಇಟ್ಟುಕೊಂಡ ಸಿಮೆಂಟಿನ ಬಾವೊಬಾಬ್. ನಿಜವಾದ ಬಾವೊಬಾಬ್‌ನ ನೆರಳಿನಲ್ಲಿ ಕೂತು ಆ ಚಿತ್ರ ತೋರಿಸಿದರು. ಆಮೇಲೆ ನೀನು ಎದ್ದೆ. "ಯಾಂದೆ, ನಮ್ಮನೆ ತೊತ್ತೇ, ನಿಮ್ಮಜ್ಜಿ ನಮ್ಮಜ್ಜಿ ಪಾತ್ರೆ ತಿಕ್ಕೊಂಡಿದ್ಲು. ಈ ದ್ವೀಪ ಮೊದ್ಲಿಂದ್ಲೂ ನಂದೇ. ಕೊಟ್ಬಿಡು ಇತ್ಲಾಗೆ" ಅಂದೆ.

ನಾನು ಸುಮ್ಮನಿರುತ್ತೇನೆಯೆ? ಅಕ್ಕತಂಗಿಯರು ಕೂತ ದೋಣಿ ಅಲೆಗೆ ಸಿಕ್ಕಿ ಎರಡು ಹೋಳಾಯಿತು, ಒಬ್ಬಳು ಇಲ್ಲಿ ದಡ ಸೇರಿ ಸೆರೇರರ ತಾಯಿಯಾದಳು, ಇನ್ನೊಬ್ಬಳು ದಕ್ಷಿಣಕ್ಕೆ ತೇಲಿ ಜೋಲಾರ ತಾಯಿಯಾದಳು. ಅಂದಿನಿಂದ ನಾವು ನಗೆನೆಂಟರು. ಬೈದರೆ ತಿರುಗಿ ಬೈಯಬೇಕು, ಸಿಟ್ಟಾಗಬಾರದು. "ತಗೊಂಡ್ಹೋಗೋ ಅನ್ಸುಮಾನ, ಚಿಪ್ಪಿನ ದಿಬ್ಬದ ಸಮೇತ ತಗೊಂಡ್ಹೋಗು. ಕೆಸರಲ್ಲಿ ಹುಟ್ದೋನು, ಪಾಪ, ನಿಮ್ಮಪ್ಪನ ಮನೇಲಿ ಒಣನೆಲ ಎಲ್ಲಿತ್ತು?" ಎಂದೆ. ಊರು ನಕ್ಕಿತು. ಸೂಟಿನವರೂ ನಕ್ಕರು, ಚಪ್ಪಾಳೆ ತಟ್ಟಿದರು. ಅವರ ಜೊತೆ ಬಂದಿದ್ದ ಕ್ಯಾಮೆರಾದ ಹುಡುಗಿ ಹತ್ತಿರ ಬಂದು ನನ್ನ ಮುಖ ಹಿಡಿದಳು.

ನಿಜದ ಮಾತು ಇದು. ಇಲ್ಲ. ದಿಬ್ಬವನ್ನು ಕೊಡುವುದಿಲ್ಲ. ಅದು ನಮ್ಮ ತಾಯಂದಿರು, ಅವರ ತಾಯಂದಿರು ತಿಂದು ಎಸೆದ ಚಿಪ್ಪುಗಳಿಂದಲೇ ಎದ್ದ ದಿಬ್ಬ, ಅದರೊಳಗೇ ಅವರು ಮಲಗಿದ್ದಾರೆ. ತಾಯಿಯ ಕಡೆಯಿಂದ ನನಗೆ ಬಂದದ್ದು, ಕೊಡಲು ನನಗೂ ಹಕ್ಕಿಲ್ಲ. ಕಾಂಡ್ಲ ಕಾಡಿನ ಕಾಲುವೆಯನ್ನೂ ಅಗೆಯುವಂತಿಲ್ಲ. ಅಲ್ಲಿ ಮೀನು ಮರಿ ಹಾಕುತ್ತದೆ, ನಾವು ಚಿಪ್ಪು ಹೆಕ್ಕುತ್ತೇವೆ.

ನಿನಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆರು ವರ್ಷದ ಹಿಂದೆ ನೀನು ಮೀನುಗಾರಿಕೆ ಇಲಾಖೆಯ ಕೆಲಸಕ್ಕೆ ಇಲ್ಲಿದ್ದಾಗ ನನ್ನ ಮಗಳು ಟೆನಿಂಗ್ ಹೆರಿಗೆಯಲ್ಲಿ ಹೋದಳು. ಹೆಂಗಸರು ಗುಂಡಿಯ ಬಳಿ ಹೋಗುವಂತಿಲ್ಲ, ನಾವು ದಿಬ್ಬದ ಬುಡದಲ್ಲಿ ನಿಂತಿದ್ದೆವು. ನೀನು ನಗೆನೆಂಟನ ಕೆಲಸ ಮಾಡಿದೆ. ಅವಳಿಗಾಗಿ ತೋಡಿದ ಗುಂಡಿಗೆ ಜಿಗಿದು ಅಂಗಾತ ಮಲಗಿ, "ಈ ಜಾಗ ನಂದು, ಆ ಸಜ್ಜೆಮುಕ್ಕಿ ಹುಡುಗೀಗೆ ಕೊಡಲ್ಲ, ಹುಂಜ ಕೊಟ್ರೆ ಏಳ್ತೀನಿ" ಎಂದು ಕೂಗಿದೆ. ನನಗೆ ಅಲ್ಲಿಯವರೆಗೆ ಅಳು ಬಂದಿರಲಿಲ್ಲ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಹುಂಜ ಕೊಟ್ಟೆ. ಅವಳು ಮಲಗುವ ಮೊದಲು ಆ ಗುಂಡಿಯನ್ನು ಮೈಯಿಂದ ಬೆಚ್ಚಗೆ ಮಾಡಿದವನು ನೀನು.

ಆದ್ದರಿಂದ ನಿನ್ನ ಧಣಿಗಳಿಗೆ ಹೇಳು. ಯಾಂದೆ ಇಲ್ಲ ಎಂದಳು.

ನಿನ್ನ ಒಡತಿ
ಯಾಂದೆ


ಡಕಾರ್
ಫೆಬ್ರವರಿ ೨೬, ೨೦೦೪

ನಮ್ಮ ಮನೆಯ ತೊತ್ತು, ಸಜ್ಜೆಮುಕ್ಕಿ, ಒಣಮೀನಿನ ರಾಣಿ ಯಾಂದೆಗೆ, ಅವಳ ಯಜಮಾನನ ಆಶೀರ್ವಾದ.

ತೊತ್ತುಗಳಿಗೆ ಹೈಸ್ಕೂಲು ಓದಿಸಬಾರದು ಎಂದು ನಮ್ಮಜ್ಜ ಹೇಳುತ್ತಿದ್ದ. ಈಗ ಗೊತ್ತಾಯಿತು ಏಕೆ ಎಂದು. ಎಷ್ಟು ಉದ್ದದ ಪತ್ರ. ಓದುತ್ತ ಕೂತರೆ ಅನ್ನ ತಣ್ಣಗಾಯಿತು, ಹೆಂಡತಿ ಕೇಳಿದಳು, "ಯಾರ್ದು, ಪ್ರೇಮಪತ್ರಾನಾ?" ಹೌದು, ನನ್ನ ಮುದಿ ಪ್ರೇಯಸಿಯದು ಎಂದೆ.

ಟೋಪಿಗೆ ದಿನವೂ ನಮಸ್ಕಾರ ಮಾಡು. ಬರುತ್ತೇನೆ.

ನಿನ್ನ ಮಾತು ತಲುಪಿದೆ. ಇದೆಲ್ಲ ಇನ್ನೂ ಕಾಗದದ ಮೇಲಿನ ಚಿತ್ರ, ತಲೆ ಕೆಡಿಸಿಕೊಳ್ಳಬೇಡ. ಇಂಥ ಯೋಜನೆಗಳು ಡಕಾರ್‌ನಲ್ಲಿ ಹತ್ತು ಹುಟ್ಟಿದರೆ ಒಂಬತ್ತು ಕಪಾಟಿನಲ್ಲೇ ಸಾಯುತ್ತವೆ. ಒಂದು ವೇಳೆ ಬಂದರೂ ನಿಮ್ಮ ಹೆಂಗಸರ ಸಂಘಕ್ಕೆ ಅಂಗಡಿಗಳು ಸಿಗುತ್ತವೆ. ಕಾಂಡ್ಲ ಗಿಡಗಳನ್ನು ಬೇರೆ ಕಡೆ ನೆಡುತ್ತಾರಂತೆ. ಆಸ್ಪತ್ರೆಗೆ ಯಂತ್ರದ ದೋಣಿಯೂ ಬರುತ್ತದೆ. ಅದೊಂದು ಇದ್ದಿದ್ದರೆ ಟೆನಿಂಗ್‌ಗೆ ಹಾಗಾಗುತ್ತಿರಲಿಲ್ಲ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಚಹಾಪುಡಿ, ಸಕ್ಕರೆ ಕಳಿಸಿದ್ದೇನೆ. ಕದ್ದು ತಿನ್ನುವ ಅಭ್ಯಾಸ ಬಿಟ್ಟು ಹಂಚಿ ಕುಡಿಯಿರಿ.

ನಿನ್ನ ಯಜಮಾನ
ಅನ್ಸು


ಸಿರ್ಮಾಂಗ್
ಮಾರ್ಚ್ ೨೧, ೨೦೦೪

ಕೊಳೆತ ಅಕ್ಕಿಯ ಮೂಟೆಯೇ,

ಚಹಾ ಕುಡಿದೆವು. ನನ್ನ ಮಗಳ ಹೆಸರನ್ನು ದೋಣಿಯ ಜೊತೆ ಕಟ್ಟಿ ಇನ್ನೊಮ್ಮೆ ಬರೆಯಬೇಡ.

ಕಪಾಟಿನಲ್ಲಿ ಸಾಯುವ ಯೋಜನೆಗೆ ಕಾಲು ಬಂದಿದೆ. ಕಳೆದ ವಾರ ಅಳತೆಯವರು ಬಂದು ದಿಬ್ಬದ ತುಂಬ ಕೆಂಪು ಬಣ್ಣದ ಗೂಟ ಹೊಡೆದರು. ಒಂದು ಗೂಟ ನನ್ನ ಅಮ್ಮನ ಕಾಲ ಬಳಿ, ಇನ್ನೊಂದು ಟೆನಿಂಗ್‌ಳ ತಲೆಯ ಬಳಿ. ಹೆಂಗಸರನ್ನು ಕರೆದುಕೊಂಡು ಹೋಗಿ ಎಲ್ಲವನ್ನೂ ಕಿತ್ತು ಒಲೆಗೆ ಹಾಕಿದೆ. ಆ ಬೆಂಕಿಯಲ್ಲಿ ಮೀನಿನ ಸಾರು ಕುದಿಸಿದೆವು.

ಮರುದಿನ ಆಡಳಿತದ ಅಧಿಕಾರಿಯೊಬ್ಬ ಪೊಲೀಸರೊಂದಿಗೆ ಬಂದ. ಬಯ್ಯಲಿಲ್ಲ. ಮರದ ಕೆಳಗೆ ಒಂದು ಯಂತ್ರ ಇಟ್ಟು ಗುಂಡಿ ಒತ್ತಿದ. ನನ್ನ ದನಿ ಬಂತು. "ತಗೊಂಡ್ಹೋಗೋ ಅನ್ಸುಮಾನ, ಚಿಪ್ಪಿನ ದಿಬ್ಬದ ಸಮೇತ ತಗೊಂಡ್ಹೋಗು." ನಿನ್ನ ಬೈಗುಳವನ್ನು ಕತ್ತರಿಸಿದ್ದಾರೆ. ನಾನು ನಿನ್ನನ್ನು ಕೆಸರಲ್ಲಿ ಹುಟ್ಟಿದವನು ಎಂದದ್ದನ್ನೂ ಕತ್ತರಿಸಿದ್ದಾರೆ. ಉಳಿದದ್ದು ನಾನು ಕೊಟ್ಟದ್ದು, ನಕ್ಕದ್ದು, ಅವರು ಚಪ್ಪಾಳೆ ತಟ್ಟಿದ್ದು. ಹೆಂಗಸರ ಸಂಘದ ಅಧ್ಯಕ್ಷೆ ಸಂತೋಷದಿಂದ ಒಪ್ಪಿದ್ದಾಳೆ ಎಂದ ಅಧಿಕಾರಿ.

ಅವನು ಉತ್ತರದ ಊರಿನವನು, ಅವನಿಗೆ ತಿಳಿಯದು ಎನ್ನೋಣ. ನನ್ನ ತಂಗಿಯ ಮಗಳು ಸಿಗಾಳಿಗೆ ಏನಾಗಿದೆ? ಅಂದು ಅವಳೇ ಎಲ್ಲರಿಗಿಂತ ಜೋರಾಗಿ ನಕ್ಕವಳು. ಬಾವಿಕಟ್ಟೆಯಲ್ಲಿ ಎಲ್ಲರ ಎದುರು ಕೇಳಿದಳು, "ದೊಡ್ಡಮ್ಮಾ, ತಮಾಷೆ ಅಂತೀರಾ ಸರಿ. ಆಮೇಲೆ ಡಕಾರಿಂದ ನಿಮಗೊಬ್ರಿಗೇ ಯಾಕೆ ಚಹಾ ಸಕ್ರೆ ಬಂತು?" ಉತ್ತರ ಕೊಡಬೇಕಾದ ಪ್ರಶ್ನೆ ಅದಲ್ಲ. ಕೊಡ ತುಂಬಿಕೊಂಡು ಬಂದೆ.

ಈಗ ದನಿ ತಗ್ಗಿಸಿ ಕೇಳುತ್ತಿದ್ದೇನೆ. ನಗೆ ಮುಗಿದ ಮೇಲೆ ನಗೆನೆಂಟರು ಕೇಳಿದ್ದನ್ನು ಇಲ್ಲ ಎನ್ನಬಾರದು, ನಿನ್ನ ಅಜ್ಜಿಯೂ ನಿನಗೆ ಇದನ್ನು ಕಲಿಸಿದ್ದಾಳೆ. ಮೇ ತಿಂಗಳಲ್ಲಿ ಪರಿಸರದ ಬಗ್ಗೆ ಅಹವಾಲು ಸಭೆ ಇದೆಯಂತೆ. ಅಲ್ಲಿಗೆ ಬಾ. ಎದ್ದು ನಿಂತು, ಆ ಮಾತು ಎಂಥ ಮಾತು ಎಂದು ಹೇಳು. ಎರಡೇ ವಾಕ್ಯ. ನಾನು ಹೇಳಿದರೆ ಮಾತು ತಿರುಗಿಸಿದ ಮುದುಕಿ. ನೀನು ಹೇಳಿದರೆ ಸಾಕ್ಷಿ.

ಯಾಂದೆ


ಸಿರ್ಮಾಂಗ್
ಏಪ್ರಿಲ್ ೧೮, ೨೦೦೪

ಅನ್ಸುಮಾನ, ಬಾಲವಿಲ್ಲದ ಕೋತಿ, ತಾಳೆಹೆಂಡದ ಗಡಿಗೆ, ಬರೆಯಲು ಬಾರದ ಗುಮಾಸ್ತ,

ಉತ್ತರ ಬಂದಿಲ್ಲ. ದೋಣಿ ಬಂದಾಗಲೆಲ್ಲ ಯಾರನ್ನಾದರೂ ದಡಕ್ಕೆ ಕಳಿಸುತ್ತೇನೆ, ನಾನೇ ಹೋಗುವುದಿಲ್ಲ. ಯಾಂದೆ ದೋಣಿ ಕಾಯುತ್ತಾಳೆ ಎಂದು ಜನ ಆಡಿಕೊಳ್ಳಬಾರದು.

ನಿನಗೆ ಕಾಯಿಲೆ ಇರಬೇಕು. ಅಥವಾ ನಿನ್ನ ಹೆಂಡತಿಗೆ ಹೆರಿಗೆ ಹತ್ತಿರವಾಗಿರಬೇಕು, ಅವಳು ಬಸುರಿ ಎಂದು ಅಂದು ಹೇಳಿದ್ದೆ. ಹಾಗಿದ್ದರೆ ಎರಡು ಸಾಲು ಬರೆಸು. ನಮ್ಮ ಅಜ್ಜಂದಿರ ಮರಕ್ಕೆ ಹಾಲು ಎರೆದು ಅವಳ ಹೆಸರು ಹೇಳಿದ್ದೇನೆ. ಜೋಲಾ ಹೆಸರು ಕೇಳಿ ಅವರು ಮುಖ ತಿರುಗಿಸಿರಬಹುದು, ಆದರೂ ಹೇಳಿದ್ದೇನೆ.

ಇಲ್ಲಿ ಸುದ್ದಿ ಒಳ್ಳೆಯದಿಲ್ಲ. ಚಿಪ್ಪು ಬೆಳೆಯಲು ಬಿಡುವ ಕಾಲವೆಂದು ಕಾಲುವೆಯ ಬಾಯಿಗೆ ನಾವು ಬಿಳಿ ಬಟ್ಟೆ ಕಟ್ಟಿದ್ದೆವು. ಆ ಬಟ್ಟೆ ಕಂಡರೆ ಸ್ವಂತ ಮಕ್ಕಳು ಹಸಿದಿದ್ದರೂ ಯಾವ ಹೆಂಗಸೂ ಕಾಲುವೆಗೆ ಇಳಿಯುವುದಿಲ್ಲ. ಹೂಳೆತ್ತುವ ಹಡಗು ಬಂದು ಬಟ್ಟೆಯ ಸಮೇತ ಕಂಬ ಮುರಿದು ಒಳಗೆ ಹೋಯಿತು. "ಪರೀಕ್ಷೆಗೆ ಅಷ್ಟೇ ಅಮ್ಮ" ಎಂದರು. ಕಾಂಡ್ಲದ ಬೇರುಗಳು ಚಿಪ್ಪು ಕಚ್ಚಿಕೊಂಡೇ ತೇಲಿ ಬಂದವು. ಮರಳ ದಂಡೆಯ ಬಾವಿ ಉಪ್ಪಾಗಿದೆ. ಸಜ್ಜೆಯ ಹಿಟ್ಟಿಗೆ ಈಗ ಉಪ್ಪು ಹಾಕಬೇಕಿಲ್ಲ. ಇಲ್ಲಿ ಕಲ್ಲಿಲ್ಲವಲ್ಲ, ರಸ್ತೆಗೆ ಹಾಸಲು ದಿಬ್ಬದ ದಕ್ಷಿಣದ ಮಗ್ಗುಲಿನಿಂದ ಚಿಪ್ಪು ತೋಡಿ ಒಯ್ದರು. ಸತ್ತವರ ಮೇಲೆ ನಡೆಯುವ ರಸ್ತೆ.

ಹೆಂಗಸರ ಸಂಘದವರು ನನ್ನ ಅಂಗಳಕ್ಕೆ ಬರುವುದನ್ನು ನಿಲ್ಲಿಸಿದ್ದಾರೆ. ಸಭೆ ಸಿಗಾಳ ಮನೆಯಲ್ಲಿ ನಡೆಯುತ್ತದೆ. ಅಧ್ಯಕ್ಷೆಯ ಸ್ಥಾನ ಬಿಡು ಎಂದು ಯಾರೂ ಹೇಳಲಿಲ್ಲ, ಸಭೆಗೆ ಕರೆಯಲೂ ಇಲ್ಲ.

ಅಹವಾಲು ಸಭೆ ಮೇ ಇಪ್ಪತ್ತಕ್ಕೆ. ನೀನು ಬರುತ್ತೀಯ ಎಂದು ಎಲ್ಲರಿಗೂ ಹೇಳಿದ್ದೇನೆ. "ಬರ್ತಾನಾ?" ಎಂದು ಸಿಗಾ ಕೇಳಿದಳು. "ಜೋಲಾ ಮಂಗ ಅವ್ನು. ಕರೆದ್ರೆ ಗುಂಡಿಗೇ ಜಿಗೀತಾನೆ, ಸಭೆಗೆ ಬರಲ್ವಾ?" ಎಂದೆ.

ಯಾಂದೆ


ಡಕಾರ್
ಮೇ ೬, ೨೦೦೪

ಗೌರವಾನ್ವಿತ ಯಾಂದೆ ಥಿಯೋರ್ ಅಮ್ಮನವರಿಗೆ ನಮಸ್ಕಾರಗಳು.

ತಾವು ಆರೋಗ್ಯವಾಗಿದ್ದೀರೆಂದು ನಂಬುತ್ತೇನೆ. ದೇವರ ದಯೆಯಿಂದ ನಮಗೆ ಗಂಡುಮಗು ಆಗಿದೆ. ತಾಯಿ ಮಗು ಕ್ಷೇಮ. ತಮ್ಮ ಹಾರೈಕೆಗೆ ಋಣಿ.

ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಬರೆದು ಹರಿದುಹಾಕಿದ ಪತ್ರಗಳು ಎಷ್ಟೋ. ನನ್ನನ್ನು ಸಮುದಾಯ ಸಂಪರ್ಕದ ಮುಖ್ಯಸ್ಥನನ್ನಾಗಿ ಮಾಡಿದ್ದಾರೆ. ಸಭೆಯ ವರದಿಯಲ್ಲಿ ಸಹಿ ನನ್ನದು. ಆ ಮಾತು ತಮಾಷೆಯದು ಎಂದು ಈಗ ನಾನು ಹೇಳಿದರೆ ಸುಳ್ಳು ವರದಿ ಕೊಟ್ಟವನಾಗುತ್ತೇನೆ. ಸಹಿ ಹಾಕುವಾಗ ಇಷ್ಟು ದೂರ ಹೋಗುತ್ತದೆ ಎಂದು ತಿಳಿದಿರಲಿಲ್ಲ. ಮೂವರು ಮಕ್ಕಳ ತಂದೆ, ಊರಿನಲ್ಲಿ ಗದ್ದೆಗೆ ಉಪ್ಪುನೀರು ನುಗ್ಗಿ ಅಣ್ಣನ ಮನೆಯವರೂ ನನ್ನನ್ನೇ ನಂಬಿದ್ದಾರೆ. ಸಭೆಗೆ ಬರಲಾಗುವುದಿಲ್ಲ.

ಒಂದು ವಿಷಯದಲ್ಲಿ ತಮಗಾಗಿ ಹೋರಾಡಿದ್ದೇನೆ. ಅಸ್ಥಿಗಳನ್ನು ಗೌರವದಿಂದ ಬೇರೆ ಸ್ಥಳಕ್ಕೆ ಸಾಗಿಸುವ ವ್ಯವಸ್ಥೆಗೆ ಕಂಪನಿ ಒಪ್ಪಿದೆ. ಟೆನಿಂಗ್‌ಳ ಸಮಾಧಿಯನ್ನು ಮೊದಲು ಸಾಗಿಸಲು ನಾನೇ ಹೇಳಿದ್ದೇನೆ.

ತಮ್ಮ ವಿಧೇಯ
ಅನ್ಸುಮಾನ ಬಾಜಿ


ಸಿರ್ಮಾಂಗ್
ಮೇ ೨೪, ೨೦೦೪

ಸಿರ್ಮಾಂಗ್ ದ್ವೀಪದ ಚಿಪ್ಪಿನ ದಿಬ್ಬದ ಮಾಲೀಕರಾದ ಶ್ರೀ ಅನ್ಸುಮಾನ ಬಾಜಿಯವರಿಗೆ,

ತಮ್ಮ ಪತ್ರ ತಲುಪಿತು. ಮೊದಲಿನಿಂದ ಕೊನೆಯವರೆಗೆ ಹುಡುಕಿದೆ, ಒಂದು ಬೈಗುಳವೂ ಸಿಗಲಿಲ್ಲ. ತಂತಿ ಬಂದಾಗ ಹೆದರುವ ಹಾಗೆ ಹೆದರಿದೆ. ನಮ್ಮ ಮಧ್ಯೆ ಯಾರೋ ಸತ್ತಿದ್ದಾರೆ ಎಂದು ತಿಳಿಯಿತು.

ಮಗುವಿಗೆ ದೇವರು ಆಯಸ್ಸು ಕೊಡಲಿ.

ಅಹವಾಲು ಸಭೆ ನಡೆಯಿತು. ಹಿಂದಿನ ಸಾಲಿನಲ್ಲಿ ಕೂತು ಬಾಗಿಲು ನೋಡುತ್ತಿದ್ದೆ. ತಾವು ಬರಲಾರಿರಿ ಎಂದು ಓದಿದ ಮೇಲೂ ನೋಡುತ್ತಿದ್ದೆ. ನನ್ನ ಸರದಿ ಬಂತು. ದೋಣಿ ಒಡೆದ ಕತೆಯಿಂದ ಶುರು ಮಾಡಿದೆ. ಅಧ್ಯಕ್ಷರು ಗಡಿಯಾರ ನೋಡಿದರು. "ಅಮ್ಮಾ, ಕತೆ ಆಮೇಲೆ. ಈ ದನಿ ನಿಮ್ದು ಹೌದೋ ಅಲ್ವೋ, ಅಷ್ಟು ಹೇಳಿ." ನನ್ನ ವಯಸ್ಸಿನಲ್ಲಿ ಸುಳ್ಳು ಕಲಿಯಲಾಗುವುದಿಲ್ಲ. ಹೌದು ಎಂದೆ. ಬರೆದುಕೊಂಡರು. ಅನುಮತಿ ಆಯಿತು. ಜೂನ್ ಹದಿನಾಲ್ಕರ ಉಬ್ಬರಕ್ಕೆ ದಿಬ್ಬ ಕೆಡಹುವ ಯಂತ್ರ ಬರುತ್ತದೆ.

ಹಿಂದಿರುಗುವಾಗ ದೋಣಿಯಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ನೀರು ನೋಡುತ್ತ ಯೋಚಿಸಿದೆ. ಆ ದನಿಯಲ್ಲಿ ನಾನು ದಿಬ್ಬವನ್ನು ಕೊಟ್ಟದ್ದು ಯಾರಿಗೆ? ಕಂಪನಿಯ ಹೆಸರು ಹೇಳಲು ನನ್ನ ನಾಲಿಗೆಗೆ ಬರುವುದೇ ಇಲ್ಲ. "ತಗೊಂಡ್ಹೋಗೋ ಅನ್ಸುಮಾನ" ಎಂದೆ. ತಮಾಷೆಯಾಗಿದ್ದರೆ ಏನೂ ಕೊಟ್ಟಿಲ್ಲ. ತಮಾಷೆಯಲ್ಲ ಎಂದು ತಾವು ಸಹಿ ಹಾಕಿದ್ದೀರಿ. ಹಾಗಾದರೆ ದಿಬ್ಬ ತಮ್ಮದು. ನನ್ನ ಅಮ್ಮ ಈಗ ತಮ್ಮ ಅಮ್ಮ. ಟೆನಿಂಗ್ ತಮ್ಮ ಮಗಳು, ನವಜಾತನಿಗೆ ಅಕ್ಕ. ಅವಳನ್ನು ಮೊದಲು ತೆಗೆಯುವಂತೆ ಬೇರೆಯವರಿಗೆ ಏಕೆ ಹೇಳಿದಿರಿ? ಮಾಲೀಕರು ಬಂದು ತಮ್ಮ ಕೈಯಿಂದಲೇ ತೆಗೆಯಿರಿ. ಅವಳ ಎಡಗೈಯಲ್ಲಿ ನೀಲಿಮಣಿಯ ಬಳೆ ಇದೆ. ಅದರಿಂದ ಗುರುತು ಹಿಡಿಯಬಹುದು.

ಟೆನಿಂಗ್‌ಳ ಪಕ್ಕದಲ್ಲಿ ನನಗೊಂದು ಗುಂಡಿ ತೋಡಿಸಿದ್ದೇನೆ. ತೋಡಲು ಯಾರೂ ಒಪ್ಪಲಿಲ್ಲ, ಬದುಕಿರುವವಳಿಗೆ ಗುಂಡಿ ತೋಡಬಾರದು ಎಂದರು. ಗುದ್ದಲಿ ತೆಗೆದುಕೊಂಡು ನಾನೇ ಶುರು ಮಾಡಿದೆ. ಅಂಗೈ ಒಡೆದ ಮೇಲೆ ನಾಚಿಕೆಯಾಗಿ ಇಬ್ಬರು ಬಂದರು. ಯಂತ್ರ ಬರುವ ದಿನ ಅದರಲ್ಲಿ ಕೂತಿರುತ್ತೇನೆ.

ನಾನು ಯಾರಲ್ಲೂ ಬೇಡಿದವಳಲ್ಲ. ಗಂಡ ಸತ್ತಾಗಲೂ ಒಂದು ಸೇರು ಸಜ್ಜೆ ಕೇಳಿದವಳಲ್ಲ. ಇದನ್ನು ಬೇಡಿಕೆ ಎಂದು ತಿಳಿಯಬೇಡಿ. ನಗೆನೆಂಟ ಒಮ್ಮೆ ಮಲಗಿ ಬೆಚ್ಚಗೆ ಮಾಡದ ಗುಂಡಿ ಸೆರೇರರಿಗೆ ತಂಪು ಗುಂಡಿ, ಅದರಲ್ಲಿ ನಿದ್ದೆ ಬರುವುದಿಲ್ಲ. ತಮಗೆ ತಿಳಿದಿರಲಿ ಎಂದು ಬರೆದೆ.

ಯಾಂದೆ ಥಿಯೋರ್


ಸಿರ್ಮಾಂಗ್
ಜೂನ್ ೨೨, ೨೦೦೪

ಜೈಲಿನ ಅನ್ನಕ್ಕೂ ಕಲ್ಲು ಹೆಕ್ಕದೆ ಬಾಯಿ ಹಾಕುವ ಅನ್ನಬಾಕನಿಗೆ,

ನಿನ್ನನ್ನು ಪಟ್ಟಣದ ಠಾಣೆಯಲ್ಲಿ ಇಟ್ಟಿದ್ದಾರೆ ಎಂದು ದೋಣಿಯವನು ಹೇಳಿದ. ಸಿಗಾಳ ಕೈಯಲ್ಲಿ ಸಜ್ಜೆಯ ಕೂಳು, ಒಣಮೀನು ಕಳಿಸಿದ್ದೇನೆ. ಜೀತದಾಳನ್ನು ಹಸಿವಿನಲ್ಲಿಡುವುದು ಒಡತಿಗೆ ಅವಮಾನ.

ಗುಂಡಿಯ ಒಳಗಿಂದ ಒಂದು ತುಂಡು ಆಕಾಶ ಬಿಟ್ಟು ನಿನಗೇನೂ ಕಂಡಿರಲಾರದು. ಮೇಲೆ ಏನಾಯಿತು ಎಂದು ಹೇಳುತ್ತೇನೆ.

ಹದಿನಾಲ್ಕರ ಬೆಳಿಗ್ಗೆ ನಾನು ದಿಬ್ಬ ಹತ್ತುವಾಗ ಒಬ್ಬಳೇ. ಗುಂಡಿಯ ಹತ್ತಿರ ಹೋದರೆ ಒಳಗೆ ಯಾರೋ ಮಲಗಿದ್ದಾರೆ, ಪಟ್ಟಣದ ಅಂಗಿ, ಬೋಳುತಲೆ. ಹೆಣ ಎಂದುಕೊಂಡೆ. ನೀನು ಕಣ್ಣು ಬಿಟ್ಟು, "ಏನೇ ತೊತ್ತೇ, ಇಷ್ಟು ಚಿಕ್ಕ ಗುಂಡಿ ತೋಡಿದೀಯ, ಕಾಲು ಚಾಚಕ್ಕಾಗಲ್ಲ" ಎಂದಾಗ ನಾನೇಕೆ ಮುಖ ತಿರುಗಿಸಿದೆ ಎಂದು ನೀನು ಕೇಳಬಾರದು. ಹೆಂಗಸು ಗುಂಡಿಯ ಅಂಚಿಗೆ ಬರಬಾರದು. ಅದಕ್ಕೇ ತಿರುಗಿಸಿದೆ.

ಯಂತ್ರ ದಿಬ್ಬ ಏರಿ ಬಂತು. ನೆಲ ನಡುಗಿ ಗುಂಡಿಯ ಗೋಡೆಯಿಂದ ನಿನ್ನ ಮುಖದ ಮೇಲೆ ಚಿಪ್ಪು ಉದುರಿತು, ನೋಡಿದೆ. ನೀನು ಅಲುಗಲಿಲ್ಲ. ಕೂಗಿದೆ, "ಈ ಜಾಗ ನಂದು. ದಿಬ್ಬಾನ ಈ ತೊತ್ತು ನಂಗೆ ಕೊಟ್ಟಿದಾಳೆ, ದನಿ ನಿಮ್ಮ ಹತ್ರಾನೇ ಇದೆ. ನಾನು ಯಾರಿಗೂ ಕೊಟ್ಟಿಲ್ಲ. ಏಳಲ್ಲ." ಆ ದನಿ ದಡದವರೆಗೆ ಹೋಯಿತು.

ಚಾಲಕ ಕೆಳಗಿಳಿದ. ನದಿಯಾಚೆಯ ತುಕುಲೋರ್ ಹುಡುಗ. ಅವನ ಜನರೂ ನಮಗೆ ನಗೆನೆಂಟರೇ, ನಿನ್ನ ಅದೃಷ್ಟ. ಇಣುಕಿ ನೋಡಿ ನನ್ನನ್ನು ಕೇಳಿದ.

"ಅಜ್ಜೀ, ಹೆಣ ಎಲ್ಲಿ?"

"ಇಲ್ಲೇ ನಿಂತಿದೀನಲ್ಲ."

"ಸಾಯದೆ ಗುಂಡಿ ಯಾಕೆ ತೋಡ್ಸಿದೆ?"

"ನೀನು ಬರ್ತೀಯ ಅಂತ ಗೊತ್ತಿತ್ತು."

ಅವನು ತಲೆ ಕೆರೆದುಕೊಂಡು ಹೋಗಿ ಎಂಜಿನ್ ನಿಲ್ಲಿಸಿದ. ಮೇಲ್ವಿಚಾರಕ ಓಡಿ ಬಂದು, "ಅವನು ನಮ್ಮ ಕಂಪನಿಯವನೇ ಕಣಯ್ಯ, ಎಳಿ ಹೊರಗೆ" ಎಂದ. "ಯಾರವನಾದ್ರೂ ಆಗ್ಲಿ ಸಾರ್. ಗುಂಡೀಲಿ ನಗೆನೆಂಟ ಮಲಗಿರೋವಾಗ ಮಣ್ಣು ಎಳೆದ್ರೆ ನನ್ನ ಮನೆ ಉಳಿಯಲ್ಲ. ಮೊದ್ಲು ಅವ್ನ ಬೆಲೆ ಕೊಟ್ಟು ಎಬ್ಬಿಸಿ" ಎಂದು ಕೀಲಿ ಜೇಬಿಗೆ ಹಾಕಿಕೊಂಡ.

ಆಗ ಹೆಂಗಸರು ಹತ್ತಿ ಬಂದರು. ಮುಂದೆ ಸಿಗಾ. ಗುಂಡಿಯ ಸುತ್ತ ನಿಂತರು, ಯಾವ ಗಂಡಸೂ ಹೋಗಿ ಎನ್ನಲಿಲ್ಲ. "ಬೆಲೆ ಹೇಳೋ ಜೋಲಾ" ಎಂದು ಸಿಗಾ ಕೂಗಿದಳು. "ಹುಂಜ ಬೇಡ. ನಾನು ಸಹಿ ಹಾಕಿದ್ದು ಸುಳ್ಳು ಅಂತ ನಾನೇ ಹೇಳ್ತೀನಿ, ಅದನ್ನ ಯಾರಾದ್ರೂ ಬರ್ಕೊಳ್ಳಿ. ಬರ್ಕೊಂಡ್ರೆ ಏಳ್ತೀನಿ" ಎಂದೆ ನೀನು. ಯಾರ ಬಳಿಯೂ ಕಾಗದ ಇರಲಿಲ್ಲ. ಜನ ನಕ್ಕರು. ನೀನೂ ನಕ್ಕಿರಬೇಕು, ಮಣ್ಣು ಉಗುಳಿದ ಸದ್ದು ಕೇಳಿಸಿತು. ನನಗೆ ಮಾತ್ರ ನಗಲಾಗಲಿಲ್ಲ. ಆರು ವರ್ಷದ ಹಿಂದಿನ ಹಾಗೆ ಮೊದಲು ನಗು ಬರಲಿ ಎಂದು ಕಾದೆ. ಅಳುವೇ ಮೊದಲು ಬಂತು.

ಆಮೇಲಿನದು ನಿನಗೆ ಗೊತ್ತು. ಪೊಲೀಸರು ಎತ್ತಿಕೊಂಡು ಹೋದರು. ಅಂದು ಸಂಜೆಯೇ ಮೊದಲ ಮಳೆ ಬಿತ್ತು. ಕೆಸರಲ್ಲಿ ಹೂತುಹೋಗುವ ಮುನ್ನ ಯಂತ್ರವನ್ನು ಹಡಗಿಗೆ ಹತ್ತಿಸಿ ಒಯ್ದರು.

ಗೆದ್ದೆವು ಎಂದು ಸಿಗಾ ಹೇಳುತ್ತಾಳೆ. ಅವಳು ಚಿಕ್ಕವಳು. ಅನುಮತಿ ಹಾಗೇ ಇದೆ. ದಕ್ಷಿಣದ ಮಗ್ಗುಲು ಹೋದದ್ದು ಹೋಯಿತು, ಅಲ್ಲಿ ಮಲಗಿದ್ದ ಮುತ್ತಜ್ಜಿಯರು ರಸ್ತೆಯಲ್ಲಿದ್ದಾರೆ. ಬಾವಿ ಸಿಹಿಯಾಗಿಲ್ಲ. ನಿನಗೆ ಕೆಲಸವಿಲ್ಲ, ನಿನ್ನ ಮಕ್ಕಳಿಗೆ ನನ್ನ ಮೇಲೆ ಸಿಟ್ಟು ಇರಬಹುದು. ಕೂಸನ್ನೂ ತಾಯಿಯನ್ನೂ ಇಲ್ಲಿಗೆ ಕಳಿಸು. ಅನ್ನ ಸಿಗುವುದಿಲ್ಲ, ಸಜ್ಜೆ ತಿನ್ನಲು ಕಲಿಯಲಿ.

ಟೋಪಿ ಕಳಿಸುತ್ತಿಲ್ಲ. ಒತ್ತೆ ಇಟ್ಟದ್ದನ್ನು ಬಂದು ಬಿಡಿಸಿಕೊಳ್ಳಬೇಕು.

ಗುಂಡಿಯನ್ನು ಮುಚ್ಚಿಸಿಲ್ಲ. ಮಳೆನೀರು ನಿಲ್ಲದ ಹಾಗೆ ಮೇಲೆ ತಾಳೆಗರಿ ಹೊದಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಅವರು ಮತ್ತೆ ಬರುತ್ತಾರೆ, ಈ ಸಲ ಯಾರಿಗೂ ನಗೆನೆಂಟನಲ್ಲದ ಚಾಲಕನನ್ನು ಹುಡುಕಿ ತರುತ್ತಾರೆ. ಅಂದು ಗುಂಡಿ ಖಾಲಿ ಇರಬಾರದು. ಅಷ್ಟರಲ್ಲಿ ಹೊರಗೆ ಬಾ. ನೀನು ಬರದಿದ್ದರೆ ಅದರಲ್ಲಿ ನಾನೇ ಮಲಗಿರುತ್ತೇನೆ, ಮತ್ತು ಅದು ತಮಾಷೆಯಾಗಿರುವುದಿಲ್ಲ.

ಉತ್ತರ ಬರೆ. ಬೈದು ಬರೆ.

ನಿನ್ನ ಒಡತಿ
ಯಾಂದೆ